ಕೊಡಗಿನಿಂದ ಡಯಟಿಷಿಯನ್ ಆಗಲು: ಯಾವ ಕೋರ್ಸ್, ಏನು ಓದು, ಎಲ್ಲಿ ಎಡವುತ್ತಾರೆ

‘ನ್ಯೂಟ್ರಿಷನ್ ಓದ್ತೇನೆ’ ಅನ್ನುವ ಮಾತಿನ ಹಿಂದೆ ಕಡಿಮೆಯೆಂದರೂ ಐದು ಬೇರೆ ಬೇರೆ ಓದುಗಳಿವೆ. ಪಿಯುಸಿ ಫಲಿತಾಂಶ ಬಂದ ವಾರ ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರದ ಸೈಬರ್ ಅಂಗಡಿಗಳಲ್ಲಿ ಅರ್ಜಿ ತುಂಬುವ ಮಕ್ಕಳಿಗೆ ಈ ಐದರ ನಡುವಿನ ವ್ಯತ್ಯಾಸ ಹೇಳುವವರು ಇರುವುದಿಲ್ಲ. ಮೂರು ವರ್ಷ ಕಳೆದು, ಆಸ್ಪತ್ರೆಗೆ ಕೆಲಸ ಕೇಳಿಕೊಂಡು ಹೋದಾಗ ಅದು ತಾನಾಗಿ ಗೊತ್ತಾಗುತ್ತದೆ. ಆಗ ತಡವಾಗಿರುತ್ತದೆ. ಅದಕ್ಕೇ ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ.

ಹೆಸರಿಗೆ ಮರುಳಾಗಬೇಡಿ, ಪಠ್ಯಕ್ರಮ ತೆರೆಯಿರಿ

ಫುಡ್ ಟೆಕ್ನಾಲಜಿ ಎಂದರೆ ಕಾರ್ಖಾನೆಯ ವಿದ್ಯೆ. ಹಣ್ಣಿನ ರಸ ಕೆಡದಂತೆ ಇಡುವುದು, ಪ್ಯಾಕಿಂಗು, ಗುಣಮಟ್ಟ ಪರೀಕ್ಷೆ ಇವೆಲ್ಲ ಅದರೊಳಗೆ ಬರುತ್ತವೆ. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ ನಮಗೆಲ್ಲ ಹತ್ತಿರದ ದೊಡ್ಡ ಹೆಸರು, ಆದರೆ ಅಲ್ಲಿನ ಎಂ.ಎಸ್‌ಸಿ. ಇರುವುದು ಫುಡ್ ಟೆಕ್ನಾಲಜಿಯಲ್ಲಿ. ಅದನ್ನು ಓದಿ ವಾರ್ಡಿನಲ್ಲಿ ರೋಗಿಗೆ ಪಥ್ಯ ಬರೆಯುವ ಕೆಲಸ ಸಿಗುವುದಿಲ್ಲ. ಹೋಂ ಸೈನ್ಸ್‌ನಲ್ಲಿ ಆಹಾರದ ಜೊತೆಗೆ ಬಟ್ಟೆ, ಶಿಶು ಬೆಳವಣಿಗೆ, ಗೃಹ ನಿರ್ವಹಣೆಯೂ ಸೇರಿರುತ್ತದೆ. ಫುಡ್ ಸೈನ್ಸ್ ಅಂಡ್ ನ್ಯೂಟ್ರಿಷನ್ ನಡುದಾರಿ: ಒಂದು ಕಾಲು ಪ್ರಯೋಗಾಲಯದಲ್ಲಿ, ಒಂದು ಕಾಲು ಆಸ್ಪತ್ರೆಯಲ್ಲಿ. ನ್ಯೂಟ್ರಿಷನ್ ಅಂಡ್ ಡಯಟೆಟಿಕ್ಸ್ ಅಥವಾ ಕ್ಲಿನಿಕಲ್ ನ್ಯೂಟ್ರಿಷನ್ ನೇರವಾಗಿ ರೋಗಿಯ ಹತ್ತಿರ ಕರೆದೊಯ್ಯುವ ದಾರಿ. ಐದನೆಯದು ಆನ್‌ಲೈನಿನಲ್ಲಿ ಮೂರು ತಿಂಗಳಿಗೆ ಸಿಗುವ ‘ಸರ್ಟಿಫೈಡ್ ನ್ಯೂಟ್ರಿಷನ್ ಕೋಚ್’ ಪ್ರಮಾಣಪತ್ರ. ಜಿಮ್‌ನ ಗೋಡೆಗೆ ತೂಗುಹಾಕಲು ಅದು ಚೆನ್ನಾಗಿರುತ್ತದೆ.

ಒಂದೇ ಹೆಸರಿನ ಕೋರ್ಸು ಎರಡು ಕಾಲೇಜಿನಲ್ಲಿ ಎರಡು ರೀತಿ ಇರುವುದೂ ಉಂಟು. ಆದ್ದರಿಂದ ವಿಶ್ವವಿದ್ಯಾಲಯದ ಜಾಲತಾಣದಿಂದ ಪಠ್ಯಕ್ರಮದ ಪಿಡಿಎಫ್ ಇಳಿಸಿಕೊಂಡು ಇವನ್ನು ಹುಡುಕಿ: ಮಾನವ ಶರೀರಶಾಸ್ತ್ರ, ಜೀವರಸಾಯನಶಾಸ್ತ್ರ, ಮೆಡಿಕಲ್ ನ್ಯೂಟ್ರಿಷನ್ ಥೆರಪಿ ಅಥವಾ ಥೆರಪ್ಯೂಟಿಕ್ ಡಯಟೆಟಿಕ್ಸ್ (ರೋಗಕ್ಕೆ ತಕ್ಕ ಪಥ್ಯದ ಓದು), ಸಮುದಾಯ ಪೋಷಣೆ, ಫುಡ್ ಸರ್ವಿಸ್ ಮ್ಯಾನೇಜ್‌ಮೆಂಟ್. ಥೆರಪ್ಯೂಟಿಕ್ ಭಾಗಕ್ಕೆ ಕನಿಷ್ಠ ಎರಡು ಸೆಮಿಸ್ಟರ್ ಇಲ್ಲದಿದ್ದರೆ, ಅದರ ಪ್ರಾಯೋಗಿಕ ತರಗತಿ ಇಲ್ಲದಿದ್ದರೆ, ಆ ಕೋರ್ಸಿನ ಹೆಸರು ಏನೇ ಇರಲಿ, ಡಯಟಿಷಿಯನ್ ಆಗುವವರಿಗೆ ಅದು ಸಾಲದು. ಆಮೇಲೆ ಕಾಲೇಜಿಗೆ ಒಂದು ಫೋನ್ ಮಾಡಿ, ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ವಾರ, ಆಸ್ಪತ್ರೆಯನ್ನು ಹುಡುಕುವವರು ಕಾಲೇಜಿನವರೋ ವಿದ್ಯಾರ್ಥಿಯೋ ಎಂದು ಕೇಳಿ. ‘ಅದೆಲ್ಲ ಆಮೇಲೆ ನೋಡೋಣ’ ಎಂಬ ಉತ್ತರ ಬಂದರೆ ಹುಡುಕಬೇಕಾದವರು ನೀವೇ ಎಂದು ತಿಳಿದುಕೊಳ್ಳಿ.

ದೂರಶಿಕ್ಷಣದ ಬಾಗಿಲು ಮುಚ್ಚಿದೆ

ಮನೆ, ತೋಟ ಬಿಟ್ಟು ಬರಲಾಗದವರಿಗೆ ಹಿಂದೆಲ್ಲ ದೂರಶಿಕ್ಷಣ ಒಂದು ದಾರಿಯಾಗಿತ್ತು. 2025ರ ಜುಲೈ–ಆಗಸ್ಟ್ ಸಾಲಿನಿಂದ ಕ್ಲಿನಿಕಲ್ ನ್ಯೂಟ್ರಿಷನ್ ಅಂಡ್ ಡಯಟೆಟಿಕ್ಸ್ ಮತ್ತು ಫುಡ್ ಅಂಡ್ ನ್ಯೂಟ್ರಿಷನ್ ಸೈನ್ಸ್ ಕೋರ್ಸುಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ನಡೆಸಕೂಡದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಆದೇಶಿಸಿದೆ. ಈಗಲೂ ‘ಮನೆಯಲ್ಲೇ ಕುಳಿತು ಎಂ.ಎಸ್‌ಸಿ. ಡಯಟೆಟಿಕ್ಸ್’ ಎಂಬ ಜಾಹೀರಾತು ವಾಟ್ಸ್‌ಆ್ಯಪ್‌ಗೆ ಬಂದರೆ ಹಣ ಕಟ್ಟಬೇಡಿ.

ಆದೇಶದ ಬೇರು 2021ರ ಕಾಯ್ದೆಯಲ್ಲಿದೆ. ಸಹವರ್ತಿ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗವನ್ನು ರಚಿಸಿದ ಆ ಕಾಯ್ದೆ ಡಯಟಿಷಿಯನ್ ಮತ್ತು ನ್ಯೂಟ್ರಿಷನಿಸ್ಟ್ ಎರಡನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಆರೋಗ್ಯ ಸೇವಾ ವೃತ್ತಿಪರರು ಎನಿಸಿಕೊಳ್ಳಲು ಕನಿಷ್ಠ 3,600 ಗಂಟೆಗಳ ಪದವಿ ಕಲಿಕೆ ಬೇಕು ಎನ್ನುತ್ತದೆ. ರಾಜ್ಯ ಮಟ್ಟದಲ್ಲೂ ಪರಿಷತ್ತು, ನೋಂದಣಿ ಪುಸ್ತಕ ಇರಬೇಕು. ಈ ವರ್ಷ ಸೇರುವವರು ಪದವಿ ಮುಗಿಸಿ ಹೊರಬರುವಾಗ ಕೆಲಸ ಕೊಡುವವರು ನೋಂದಣಿ ಸಂಖ್ಯೆಯನ್ನೇ ಮೊದಲು ಕೇಳುವಂತಾಗಬಹುದು. ಗಂಟೆಗಳ ಲೆಕ್ಕ ಕಾಲೇಜಿನಲ್ಲಿ ಈಗಲೇ ವಿಚಾರಿಸಿ.

ಪಿಯುಸಿಯಿಂದ ಪದವಿಗೆ

ಪಿಯುಸಿಯಲ್ಲಿ ವಿಜ್ಞಾನ, ಅದರಲ್ಲೂ ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಇದ್ದರೆ ಬಹುತೇಕ ಎಲ್ಲ ಕಡೆ ಪ್ರವೇಶಕ್ಕೆ ತೊಂದರೆಯಿಲ್ಲ. ಹೋಂ ಸೈನ್ಸ್ ಐಚ್ಛಿಕವಾಗಿ ಓದಿದವರನ್ನೂ ಕೆಲವೆಡೆ ತೆಗೆದುಕೊಳ್ಳುತ್ತಾರೆ. ಕಾಮರ್ಸ್ ಓದಿದವರಿಗೂ ಸೀಟು ಕೊಡುವ ಖಾಸಗಿ ಕಾಲೇಜುಗಳಿವೆ. ಸೀಟು ಸಿಕ್ಕರೂ ಎರಡನೇ ಸೆಮಿಸ್ಟರಿನ ಜೀವರಸಾಯನಶಾಸ್ತ್ರದಲ್ಲಿ ಕುತ್ತಿಗೆಗೆ ಬರುತ್ತದೆ.

2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿ ಪದ್ಧತಿಯನ್ನು ರಾಜ್ಯ ಸರ್ಕಾರ ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಲೆಕ್ಕ ಬೇರೆ. ಅಲ್ಲಿ ನಾಲ್ಕು ವರ್ಷದ್ದೂ ಸಿಗುತ್ತದೆ. ಮೂರಾದರೂ ನಾಲ್ಕಾದರೂ ಪದವಿಯೊಂದರಿಂದಲೇ ಕೆಲಸ ಮುಗಿಯದು. ಎಂ.ಎಸ್‌ಸಿ. ಅಥವಾ ಡಯಟೆಟಿಕ್ಸ್‌ನಲ್ಲಿ ಸ್ನಾತಕೋತ್ತರ ಡಿಪ್ಲೊಮಾ, ಅದರ ಮೇಲೆ ಇಂಟರ್ನ್‌ಶಿಪ್ ಸೇರಿಸಿ ಐದರಿಂದ ಆರು ವರ್ಷದ ಲೆಕ್ಕವನ್ನು ಮನೆಯವರ ಮುಂದೆ ಮೊದಲೇ ಇಡಿ. ಮೂರು ವರ್ಷದ ಖರ್ಚು ಹೇಳಿ ಒಪ್ಪಿಸಿ, ಆಮೇಲೆ ‘ಇನ್ನೂ ಎರಡು ವರ್ಷ ಬೇಕು ಅಪ್ಪಾ’ ಅನ್ನುವುದು ಇಬ್ಬರಿಗೂ ಕಷ್ಟದ ಮಾತು. ಕರಿಮೆಣಸಿನ ಬೆಲೆ ಬಿದ್ದ ವರ್ಷವಾದರಂತೂ ಹೇಳುವುದೇ ಬೇಡ.

ಎಲ್ಲಿ ಓದುವುದು? ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರೇ ಹೆಚ್ಚಿನವರ ಮೊದಲ ಆಯ್ಕೆ. ಮಾನಸ ಗಂಗೋತ್ರಿಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಆಹಾರ ವಿಜ್ಞಾನ ಮತ್ತು ಪೋಷಣೆ ಅಧ್ಯಯನ ವಿಭಾಗವಿದೆ. ಜೆಎಸ್ಎಸ್ ವಿಶ್ವವಿದ್ಯಾಲಯದಲ್ಲಿ ನ್ಯೂಟ್ರಿಷನ್ ಅಂಡ್ ಡಯಟೆಟಿಕ್ಸ್ ಇದೆ, ಅದೇ ಊರಿನಲ್ಲಿ ಅದರದ್ದೇ ದೊಡ್ಡ ಆಸ್ಪತ್ರೆ. ಕರಾವಳಿಯ ಕಡೆ ಮಣಿಪಾಲದಲ್ಲಿ, ಬೆಂಗಳೂರಿನಲ್ಲಿ ಶೇಷಾದ್ರಿ ರಸ್ತೆಯ ವಿಎಚ್‌ಡಿ ಗೃಹ ವಿಜ್ಞಾನ ಸಂಸ್ಥೆ, ಮೌಂಟ್ ಕಾರ್ಮೆಲ್ ಮುಂತಾದ ಕಡೆ ಆಹಾರ–ಪೋಷಣೆಯ ಕೋರ್ಸುಗಳಿವೆ. ಸಂಶೋಧನೆಯತ್ತ ಒಲವಿದ್ದವರಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ಅಂದರೆ ಎನ್‌ಐಎನ್‌ನ ಅಪ್ಲೈಡ್ ನ್ಯೂಟ್ರಿಷನ್ ಎಂ.ಎಸ್‌ಸಿ. ಇದೆ. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ಶೋಧನೆಗೆಂದು ಹುಟ್ಟಿದ ಸಂಸ್ಥೆ ಅದು. ಅಲ್ಲಿ ಸೀಟು ಕಡಿಮೆ, ಪೈಪೋಟಿ ಹೆಚ್ಚು.

ಕೊಡಗಿನೊಳಗೇ ಇದ್ದು ಬಿ.ಎಸ್‌ಸಿ.ಯಲ್ಲಿ ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರ ಓದಿ, ಎಂ.ಎಸ್‌ಸಿ.ಗೆ ಮಾತ್ರ ಹೊರಗೆ ಹೋಗುವ ಯೋಚನೆ ಕೆಲವರಿಗಿರುತ್ತದೆ. ಖರ್ಚಿನ ದೃಷ್ಟಿಯಿಂದ ಒಳ್ಳೆಯದೇ. ಆದರೆ ಎಂ.ಎಸ್‌ಸಿ. ಪ್ರವೇಶದ ಅರ್ಹತೆ ಬೇರೆ, ಮುಂದೆ ಬರೆಯಬೇಕಾದ ರಿಜಿಸ್ಟರ್ಡ್ ಡಯಟಿಷಿಯನ್, ಅಂದರೆ ಆರ್‌ಡಿ ಪರೀಕ್ಷೆಯ ಅರ್ಹತೆ ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ, ನಿಮ್ಮ ಮೂಲ ಪದವಿ ಎರಡಕ್ಕೂ ಒಪ್ಪುತ್ತದೆಯೇ ಎಂದು ಖಾತ್ರಿ ಮಾಡಿಕೊಂಡ ಮೇಲೆ ಈ ದಾರಿ ಹಿಡಿಯಿರಿ.

ಮಳೆ ಹಿಡಿಯುವ ಮೊದಲು ಕಾಗದಪತ್ರ

ಪ್ರವೇಶದ ಓಡಾಟವೆಲ್ಲ ಜೂನ್–ಜುಲೈಯಲ್ಲಿ ಬೀಳುತ್ತದೆ, ಕೊಡಗಿನಲ್ಲಿ ಕರೆಂಟು, ನೆಟ್‌ವರ್ಕು, ರಸ್ತೆ ಮೂರೂ ಕೈಕೊಡುವ ಕಾಲ. ಸರ್ಕಾರಿ ವಿಶ್ವವಿದ್ಯಾಲಯಗಳ ಕಾಲೇಜುಗಳಿಗೆ ಅರ್ಜಿ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. ಅದಕ್ಕೆ ಒಟಿಪಿ ಬೇಕು, ಒಟಿಪಿಗೆ ಟವರ್ ಬೇಕು. ಮೇ ತಿಂಗಳೊಳಗೆ ನಾಡಕಚೇರಿಯಿಂದ ಜಾತಿ–ಆದಾಯ ಪ್ರಮಾಣಪತ್ರ, ಶಾಲೆಗಳಿಂದ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರ ತೆಗೆದು, ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಆಧಾರ್‌ನಲ್ಲಿರುವ ಹೆಸರು ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಂದರಲ್ಲಿ ಮನೆತನದ ಹೆಸರು ಮುಂದೆ, ಇನ್ನೊಂದರಲ್ಲಿ ಅದು ಬರೀ ಇನಿಷಿಯಲ್ ಆಗಿರುವುದು ಕೊಡವ, ಅರೆಭಾಷೆ ಗೌಡ ಮನೆಗಳಲ್ಲಿ ಸಾಮಾನ್ಯ. ಎಸ್‌ಎಸ್‌ಪಿ ವಿದ್ಯಾರ್ಥಿವೇತನದ ಅರ್ಜಿ ಸಿಕ್ಕಿಬೀಳುವುದು ಅಲ್ಲೇ. ಅಂದಹಾಗೆ, ಆ ಅರ್ಜಿಯಲ್ಲಿ ಕೇಳುವ ‘ಆರ್‌ಡಿ ಸಂಖ್ಯೆ’ ನಾಡಕಚೇರಿ ಪ್ರಮಾಣಪತ್ರದ್ದು. ಡಯಟಿಷಿಯನ್ನರ ‘ಆರ್‌ಡಿ’ಗೂ ಅದಕ್ಕೂ ಸಂಬಂಧವಿಲ್ಲ.

ತರಗತಿಗೆ ಮೊದಲು ತಕ್ಕಡಿ

ಕಾಲೇಜು ಶುರುವಾಗುವ ಮೊದಲೇ ಕೊಳ್ಳಬೇಕಾದ ವಸ್ತು ಪುಸ್ತಕವಲ್ಲ, ಅಡುಗೆಮನೆಯ ಡಿಜಿಟಲ್ ತಕ್ಕಡಿ. ಒಂದು ಗ್ರಾಂವರೆಗೆ ತೋರಿಸುವ, ಐದು ಕಿಲೋ ತಡೆಯುವ ಸಾದಾ ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಜೊತೆಗೆ 5 ಮತ್ತು 15 ಮಿಲಿ ಚಮಚ, 200 ಮಿಲಿ ಲೋಟ. ಇಷ್ಟಿದ್ದರೆ ನಿಮ್ಮ ಮನೆಯ ಅಡುಗೆಮನೆಯೇ ಮೊದಲ ಪ್ರಯೋಗಾಲಯ.

ಕಡಂಬುಟ್ಟನ್ನೇ, ಅಂದರೆ ಬೇಯಿಸಿದ ಅಕ್ಕಿತರಿಯ ಉಂಡೆಯನ್ನೇ ತೆಗೆದುಕೊಳ್ಳಿ. ಒಂದು ಕಡಂಬುಟ್ಟಿನಲ್ಲಿ ಎಷ್ಟು ಕ್ಯಾಲರಿ ಎಂದು ಮೊಬೈಲ್ ಆ್ಯಪ್‌ನಲ್ಲಿ ಹುಡುಕಿದರೆ ಬಾಯಿಗೆ ಬಂದ ಅಂಕಿ ಸಿಗುತ್ತದೆ. ಬದಲಿಗೆ ಅಮ್ಮ ಬೇಯಿಸಲು ತೆಗೆದ ಅಕ್ಕಿತರಿಯನ್ನು ಒಲೆಗೆ ಹೋಗುವ ಮೊದಲು ತೂಗಿ. 300 ಗ್ರಾಂ ತರಿಯಲ್ಲಿ 12 ಉಂಡೆ ಬಂದರೆ ಒಂದಕ್ಕೆ 25 ಗ್ರಾಂ ಹಸಿ ಅಕ್ಕಿ. ಎನ್‌ಐಎನ್ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕದಲ್ಲಿ 528 ಆಹಾರಗಳ ವಿವರ ಇದೆ. ಅದರಂತೆ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 356 ಕಿಲೋಕ್ಯಾಲರಿ, 78 ಗ್ರಾಂ ಶರ್ಕರಪಿಷ್ಟ, 8 ಗ್ರಾಂ ಪ್ರೋಟೀನ್. ಅಂದರೆ ನಾಲ್ಕು ಕಡಂಬುಟ್ಟು ತಿಂದವರು 100 ಗ್ರಾಂ ಅಕ್ಕಿ ತಿಂದರು: 356 ಕಿಲೋಕ್ಯಾಲರಿ. ಇದು ಪುಟ್ಟಿನ ಲೆಕ್ಕ ಮಾತ್ರ, ಜೊತೆಗಿರುವ ಪಂದಿಕರಿಯದು, ಅಂದರೆ ಹಂದಿಮಾಂಸದ ಕರಿಯದು ಬೇರೆ. ಅಲ್ಲಿ ಮಾಂಸಕ್ಕಿಂತ ಕೊಬ್ಬಿನ ಪದರ ಎಷ್ಟಿತ್ತು ಎಂಬುದೇ ಮುಖ್ಯ, ಏಕೆಂದರೆ ಒಂದು ಗ್ರಾಂ ಕೊಬ್ಬಿಗೆ 9 ಕಿಲೋಕ್ಯಾಲರಿ, ಪ್ರೋಟೀನ್ ಮತ್ತು ಶರ್ಕರಪಿಷ್ಟಕ್ಕೆ ನಾಲ್ಕು ನಾಲ್ಕು.

ಇಲ್ಲಿ ಮೊದಲ ವರ್ಷದವರು ಒಬ್ಬರೂ ಬಿಡದೆ ಮಾಡುವ ತಪ್ಪೊಂದಿದೆ. ಬೆಂದ ಅನ್ನವನ್ನು ತೂಗಿ, ಅದಕ್ಕೆ ಹಸಿ ಅಕ್ಕಿಯ ಅಂಕಿ ಹಾಕುವುದು. 100 ಗ್ರಾಂ ಅಕ್ಕಿ ಬೆಂದಾಗ ನೀರು ಕುಡಿದು 250ರಿಂದ 300 ಗ್ರಾಂ ಆಗುತ್ತದೆ. ಹಾಗಾಗಿ ಲೆಕ್ಕ ಎರಡೂವರೆ–ಮೂರು ಪಟ್ಟು ಉಬ್ಬುತ್ತದೆ. ಆಮೇಲೆ ರೋಗಿಗೆ ‘ಅನ್ನ ಕಡಿಮೆ ಮಾಡಿ’ ಎನ್ನುತ್ತಾರೆ, ಅವರು ತಿನ್ನುತ್ತಿದ್ದದ್ದೇ ಕಡಿಮೆ. ಪುಸ್ತಕದಲ್ಲಿ ಹಸಿಯೋ ಬೆಂದದ್ದೋ ಎಂದು ಪ್ರತಿ ಸಾಲಿನಲ್ಲೂ ಬರೆದುಕೊಳ್ಳಿ.

ಹೀಗೆ ತೂಗಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋಗಿ: ಅಕ್ಕಿ ಒಟ್ಟಿ, ನೂಪುಟ್ಟು, ಪಾಪುಟ್ಟು, ಕೇಂಬು ಕರಿ, ಒಂದು ಸೌಟು ಸಾರಿನಲ್ಲಿ ಬೇಳೆ ಎಷ್ಟು, ಒಗ್ಗರಣೆಗೆ ಎಣ್ಣೆ ಎಷ್ಟು. ಮೈಸೂರಿನ ಪಠ್ಯಪುಸ್ತಕದಲ್ಲಿ ಇಡ್ಲಿ, ಚಪಾತಿ ಇರುತ್ತದೆ, ಕೂಳೆ ಪುಟ್ಟು ಇರುವುದಿಲ್ಲ. ಆ ಪುಸ್ತಕವನ್ನು ನೀವೇ ಬರೆಯಬೇಕು.

‘ಎಂಥ ತಿಂದ್ರಿ?’ ಎಂದು ಕೇಳುವ ವಿದ್ಯೆ

ಹಿಂದಿನ 24 ಗಂಟೆಯಲ್ಲಿ ತಿಂದದ್ದನ್ನು ಕೇಳಿ ಬರೆದುಕೊಳ್ಳುವುದು ಈ ವೃತ್ತಿಯ ಮೂಲಾಕ್ಷರ. ಕೇಳಲು ಸುಲಭ, ಮಾಡಲು ಕಷ್ಟ. ಒಂದೇ ಸಲಕ್ಕೆ ಎಲ್ಲ ಕೇಳದೆ ಸುತ್ತು ಸುತ್ತಾಗಿ ಕೇಳಬೇಕು. ಮೊದಲು ಅವರು ಹೇಳಿದಷ್ಟನ್ನು ಅಡ್ಡ ಬಾಯಿ ಹಾಕದೆ ಬರೆಯಿರಿ. ಆಮೇಲೆ ಮರೆತವು: ಕಾಫಿ, ಬಾಳೆಹಣ್ಣು, ಬಿಸ್ಕತ್ತು, ಎಲೆ ಅಡಿಕೆ. ಆಮೇಲೆ ಹೊತ್ತು. ಆಮೇಲೆ ಅಳತೆ ಮತ್ತು ಮಾಡಿದ ಬಗೆ. ಕೊನೆಗೆ ಇನ್ನೊಮ್ಮೆ ಓದಿ ಹೇಳಿ, ಬಿಟ್ಟದ್ದೇನಾದರೂ ಇದೆಯೇ ಎಂದು ಕೇಳಿ. ತೋಟಕ್ಕೆ ಹೋಗುವ ಹೆಂಗಸೊಬ್ಬರ ಹತ್ತಿರ ಮಾತು ಹೀಗೆ ಸಾಗಬಹುದು:

‘ಬೆಳಿಗ್ಗೆ ಎಂಥ ತಿಂದ್ರಿ ಅಕ್ಕ?’

‘ಎಂಥ ಇಲ್ಲ, ಕಾಫಿ ಮಾತ್ರ.’

‘ಕಾಫಿ ಆದ್ಮೇಲೆ, ತೋಟಕ್ಕೆ ಹೊರಡುವ ಮೊದಲು?’

‘ಎರಡು ಒಟ್ಟಿ. ನಿನ್ನೆದು ಸಾರಿತ್ತು.’

‘ಒಟ್ಟಿಗೆ ಮೇಲಿಂದ ಏನಾದ್ರೂ ಹಚ್ಚಿದ್ರಾ?’

‘ಬೆಣ್ಣೆ. ಸ್ವಲ್ಪ.’

‘ಎಂಥ ಇಲ್ಲ’ ಎಂಬಲ್ಲಿಂದ ಬೆಣ್ಣೆಯವರೆಗೆ ಬರಲು ಇನ್ನೂ ಎರಡು ಪ್ರಶ್ನೆ ಬೇಕಾಯಿತು. ಆ ‘ಸ್ವಲ್ಪ’ ಎಷ್ಟು ಎಂದು ತಿಳಿಯಲು ಚಮಚ ತೋರಿಸಿ. ‘ಬೆಣ್ಣೆ ತಿಂತೀರಾ?’ ಎಂದು ನೇರ ಕೇಳಿದರೆ ಸಕ್ಕರೆ ಕಾಯಿಲೆಯವರು ‘ಇಲ್ಲವೇ ಇಲ್ಲ’ ಎನ್ನುತ್ತಾರೆ. ತಪ್ಪು ಹಿಡಿಯಲು ಬಂದವರ ಹಾಗೆ ಕಂಡರೆ ಯಾರೂ ನಿಜ ಹೇಳುವುದಿಲ್ಲ.

ಕೊಡಗಿನಲ್ಲಿ ಎರಡು ವಸ್ತು ಈ ಪಟ್ಟಿಯಿಂದ ಸದಾ ತಪ್ಪಿಸಿಕೊಳ್ಳುತ್ತವೆ. ಒಂದು, ಬೆಲ್ಲದ ಕಾಫಿ. ಒಂದು ಲೋಟಕ್ಕೆ 10 ಗ್ರಾಂ ಬೆಲ್ಲ ಎಂದಿಟ್ಟುಕೊಂಡರೂ ದಿನಕ್ಕೆ ನಾಲ್ಕು ಲೋಟಕ್ಕೆ 40 ಗ್ರಾಂ, ಸುಮಾರು 150 ಕಿಲೋಕ್ಯಾಲರಿ. ‘ಸಕ್ಕರೆ ಬಿಟ್ಟಿದ್ದೇನೆ, ಬೆಲ್ಲ ಹಾಕ್ತೇನೆ’ ಎಂದು ಸಮಾಧಾನದಿಂದ ಹೇಳುವವರಿಗೆ, ರಕ್ತದ ಗ್ಲೂಕೋಸ್ ವಿಷಯದಲ್ಲಿ ಎರಡೂ ಒಂದೇ ಎಂದು ತಿಳಿಸುವುದು ನಿಮ್ಮ ಕೆಲಸ. ಇನ್ನೊಂದು ಮದ್ಯ. 42.8 ಶೇಕಡಾ ಪ್ರಮಾಣದ 60 ಮಿಲಿ ವಿಸ್ಕಿಯಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್, ಗ್ರಾಂಗೆ 7ರಂತೆ 140 ಕಿಲೋಕ್ಯಾಲರಿ. ಮನೆಯಲ್ಲಿ ಮಾಡಿದ ವೈನನ್ನು ಇಲ್ಲಿ ಎಷ್ಟೋ ಜನ ಮದ್ಯದ ಲೆಕ್ಕಕ್ಕೇ ಸೇರಿಸುವುದಿಲ್ಲ. ಮನೆಯವರು ಪಕ್ಕದಲ್ಲಿರುವಾಗ ಈ ಪ್ರಶ್ನೆ ಕೇಳಬೇಡಿ.

ಊರಿನ ನಂಬಿಕೆಗಳ ಬಗ್ಗೆ ಒಂದು ಮಾತು. ಕಕ್ಕಡ ಮಾಸದ ಹದಿನೆಂಟರಂದು ಮಾಡುವ ಮದ್ದು ತೊಪ್ಪಿನ (ಔಷಧಿ ಸೊಪ್ಪಿನ) ಪಾಯಸವನ್ನು ಅಲ್ಲಗಳೆಯಲೂ ಹೋಗಬೇಡಿ, ರೋಗ ಗುಣವಾಗುತ್ತದೆ ಎಂದು ಸಹಿ ಹಾಕಲೂ ಹೋಗಬೇಡಿ. ಸಕ್ಕರೆ ಕಾಯಿಲೆಯವರಿಗೆ ಅದರಲ್ಲಿ ಲೆಕ್ಕಕ್ಕೆ ಬರುವುದು ಅಕ್ಕಿ, ಬೆಲ್ಲ, ತೆಂಗಿನ ಹಾಲು. ಸಣ್ಣ ಬಟ್ಟಲಿಗೆ ನಿಲ್ಲಿಸಿ, ಆ ಹೊತ್ತಿನ ಅನ್ನ ಕಡಿಮೆ ಮಾಡಲು ಹೇಳಿದರೆ ಸಾಕು. ಕರಿಗೆ ಹಾಕುವ ಹುಳಿಯಾದ ಕಾಚಂಪುಳಿ ಪಂದಿಯ ಕೊಬ್ಬನ್ನು ‘ಕರಗಿಸುತ್ತದೆ’ ಎಂಬ ಮಾತಿಗೆ ಆಧಾರ ಕೇಳಿದರೆ, ಅದೇ ಜಾತಿಯ ಕಾಯಿಯಿಂದ ತೆಗೆದ ಗಾರ್ಸೀನಿಯಾ ಮಾತ್ರೆಗಳನ್ನು ತೋರಿಸುತ್ತಾರೆ. ತೂಕ ಇಳಿಸುವಲ್ಲಿ ಅವುಗಳ ಪರಿಣಾಮಕ್ಕೆ ಗಟ್ಟಿ ಪುರಾವೆ ಇಲ್ಲ, ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ಕರಿಗೆ ಒಂದು ಚಮಚ ಹುಳಿ ಬೇರೆ, ಮಾತ್ರೆ ಬೇರೆ. ಇನ್ನು ಬೈಂಬಳೆಯನ್ನು (ಕಳಲೆಯನ್ನು) ಹೆಚ್ಚಿ, ನೀರು ಬದಲಿಸುತ್ತಾ ನೆನೆಸಿ, ಬೇಯಿಸುವ ಹಳೆಯ ಪದ್ಧತಿ ಪೂರ್ತಿ ಸರಿ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಸಂಯುಕ್ತವಿದೆ, ನೆನೆಸಿ ಬೇಯಿಸಿದಾಗ ಬಹುಮಟ್ಟಿಗೆ ಹೋಗುತ್ತದೆ. ಅಜ್ಜಿಯರ ಮಾತಿನಲ್ಲಿ ಯಾವುದಕ್ಕೆ ರಸಾಯನಶಾಸ್ತ್ರದ ಬೆಂಬಲವಿದೆ, ಯಾವುದಕ್ಕಿಲ್ಲ ಎಂದು ಬಿಡಿಸಿ ಹೇಳಲು ಬರುವುದೇ ಓದಿದ್ದಕ್ಕೆ ಗುರುತು.

ಓದಿನಲ್ಲಿ ಗಂಟು ಬೀಳುವ ಜಾಗ

ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷಿಗೆ ಹೆದರುತ್ತಾರೆ. ನಿಜವಾದ ತೊಡಕು ಇಂಗ್ಲಿಷ್ ಅಲ್ಲ, ದೇಹ ಆಹಾರವನ್ನು ಶಕ್ತಿಯಾಗಿಸುವ ಗ್ಲೈಕಾಲಿಸಿಸ್, ಕ್ರೆಬ್ಸ್ ಚಕ್ರದಂತಹ ಜೀವರಸಾಯನ. ಅದನ್ನು ಬಾಯಿಪಾಠ ಮಾಡಿ ಪಾಸಾದವರಿಗೆ ಮೂರನೇ ವರ್ಷದಲ್ಲಿ, ಊಟ ಬಿಟ್ಟ ಸಕ್ಕರೆ ಕಾಯಿಲೆಯವರಲ್ಲಿ ಕೀಟೋನ್ ಏಕೆ ಏರುತ್ತದೆ ಎಂದರೆ ಉತ್ತರ ಬರುವುದಿಲ್ಲ. ಪ್ರತಿ ಚಕ್ರ ಓದಿದಾಗಲೂ ‘ಇದು ನಿಂತರೆ ರೋಗಿಗೆ ಏನಾಗುತ್ತದೆ’ ಎಂದು ಒಂದು ಸಾಲು ಕನ್ನಡದಲ್ಲಿ ಬರೆದುಕೊಳ್ಳಿ.

ಶಿಫಾರಸು ಪ್ರಮಾಣಗಳ ವಿಷಯದಲ್ಲಿ ಹಳೆಯ ನೋಟ್ಸು ನಂಬಬೇಡಿ. ಸೀನಿಯರ್‌ಗಳ ಝೆರಾಕ್ಸ್‌ನಲ್ಲಿ ಇನ್ನೂ 2010ರ ಅಂಕಿಗಳೇ ಓಡಾಡುತ್ತವೆ. ಐಸಿಎಂಆರ್–ಎನ್‌ಐಎನ್‌ನ 2020ರ ಪರಿಷ್ಕರಣೆಯಲ್ಲಿ ಮಾದರಿ ಗಂಡಸಿನ ತೂಕ 65 ಕಿಲೋ, ಹೆಂಗಸಿನದು 55 ಕಿಲೋ. ದಿನದ ಪ್ರೋಟೀನ್ ಕ್ರಮವಾಗಿ 54 ಮತ್ತು 46 ಗ್ರಾಂ, ಕಬ್ಬಿಣಾಂಶ 19 ಮತ್ತು 29 ಮಿಲಿಗ್ರಾಂ. ಇವು ಆರೋಗ್ಯವಂತ ಜನಸಮೂಹಕ್ಕೆ. ಹಾಸಿಗೆ ಹಿಡಿದ ಒಬ್ಬ ರೋಗಿಗೆ ಇದನ್ನೇ ಬರೆದುಕೊಟ್ಟರೆ ವೈವಾದಲ್ಲೂ ಬೈಸಿಕೊಳ್ಳುತ್ತೀರಿ, ವಾರ್ಡಿನಲ್ಲೂ. ಡಯಾಲಿಸಿಸ್ ಇಲ್ಲದ ಮೂತ್ರಪಿಂಡ ಕಾಯಿಲೆಯಲ್ಲಿ ಪ್ರೋಟೀನನ್ನು ತೂಕದ ಕಿಲೋಗೆ 0.6ರಿಂದ 0.8 ಗ್ರಾಂಗೆ ಇಳಿಸುವುದು ರೂಢಿ. ಡಯಾಲಿಸಿಸ್ ಶುರುವಾದರೆ 1.0ರಿಂದ 1.2ಕ್ಕೆ ಏರಿಸಬೇಕು. ಡಯಾಲಿಸಿಸ್‌ಗೆ ಬಂದ ಮೇಲೂ ಹಳೆಯ ಪಥ್ಯದ ಚೀಟಿಯನ್ನೇ ಪಾಲಿಸಿ ಮಾಂಸ, ಮೊಟ್ಟೆ ಮುಟ್ಟದೆ ಸೊರಗಿದವರು ವಾರ್ಡಿನಲ್ಲಿ ಸಿಗುತ್ತಾರೆ. ಚೀಟಿಯ ಮೇಲೆ ದಿನಾಂಕ ಮತ್ತು ‘ಇಂಥ ಸ್ಥಿತಿಗೆ ಮಾತ್ರ’ ಎಂದು ಬರೆಯದೆ ಬಿಡಬೇಡಿ.

ಇಂಟರ್ನ್‌ಶಿಪ್: ಆರು ತಿಂಗಳು ಲೆಕ್ಕಕ್ಕೆ ಬರುವಂತೆ

ಭಾರತೀಯ ಡಯಟೆಟಿಕ್ ಸಂಘ, ಅಂದರೆ ಐಡಿಎ, 1963ರಿಂದ ಇದೆ. ಅದರ ಮಂಡಳಿ ನಡೆಸುವ ರಿಜಿಸ್ಟರ್ಡ್ ಡಯಟಿಷಿಯನ್ ಪರೀಕ್ಷೆಗೆ ಸ್ನಾತಕೋತ್ತರ ಓದಿನ ಜೊತೆ ಆಸ್ಪತ್ರೆಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಬೇಕು. ಇದನ್ನು ಕೊನೆಗೆ ತಳ್ಳಿದವರೇ ಹೆಚ್ಚು ಒದ್ದಾಡುತ್ತಾರೆ. ಎಂ.ಎಸ್‌ಸಿ.ಯ ಮೂರನೇ ಸೆಮಿಸ್ಟರಿನಲ್ಲೇ ಆಸ್ಪತ್ರೆಗಳಿಗೆ ಪತ್ರ ಬರೆಯಿರಿ. ಎಷ್ಟೋ ಕಡೆ ಸ್ಟೈಪೆಂಡ್ ಇರುವುದಿಲ್ಲ, ಕೆಲವು ಕಡೆ ಆಸ್ಪತ್ರೆಗೆ ನೀವೇ ಶುಲ್ಕ ಕಟ್ಟಬೇಕು. ಉಳಿದುಕೊಳ್ಳುವ ಪಿಜಿಯ (ಪೇಯಿಂಗ್ ಗೆಸ್ಟ್) ಬಾಡಿಗೆ, ಊಟ, ಬಸ್ಸು ಸೇರಿಸಿ ಆರು ತಿಂಗಳ ಖರ್ಚು ಮೊದಲೇ ತೆಗೆದಿಡಿ.

ಆಸ್ಪತ್ರೆ ಆರಿಸುವಾಗ ಕಟ್ಟಡ ನೋಡಬೇಡಿ. ಐಸಿಯು, ಡಯಾಲಿಸಿಸ್, ಹೃದಯ, ಕ್ಯಾನ್ಸರ್, ಮಕ್ಕಳು, ಹೆರಿಗೆ ವಿಭಾಗಗಳಿವೆಯೇ, ನಿಮ್ಮ ಮೇಲೆ ಕಣ್ಣಿಡುವ ಡಯಟಿಷಿಯನ್ ಆರ್‌ಡಿ ಆಗಿದ್ದಾರೆಯೇ ನೋಡಿ. ಸೇರಿದ ದಿನವೇ ಲಾಗ್‌ಬುಕ್ ಶುರು ಮಾಡಿ: ದಿನಾಂಕ, ವಿಭಾಗ, ರೋಗಿಯ ಹೆಸರಿಲ್ಲದೆ ಕಾಯಿಲೆ, ನೀವು ಮಾಡಿದ್ದು, ಮೇಲಿನವರ ಸಹಿ. ಪ್ರಮಾಣಪತ್ರದಲ್ಲಿ ಶುರುವಾದ ಮತ್ತು ಮುಗಿದ ದಿನಾಂಕ, ವಿಭಾಗಗಳ ಹೆಸರು, ಆಸ್ಪತ್ರೆಯ ಮುದ್ರೆ ಇರಲೇಬೇಕು. ‘ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ’ ಎಂಬ ಒಂದೇ ಸಾಲಿನ ಪತ್ರ ಹಿಡಿದು ಅರ್ಜಿ ಹಾಕಿದರೆ ವಾಪಸು ಬರುತ್ತದೆ.

ಮೊದಲ ವಾರಗಳಲ್ಲಿ ನಿಮ್ಮನ್ನು ಅಡುಗೆಮನೆಗೆ ಹಾಕುತ್ತಾರೆ. ‘ಎಂ.ಎಸ್‌ಸಿ. ಓದಿ ಟ್ರೇ ಎಣಿಸಬೇಕಾ’ ಎಂದು ಮುನಿಸಿಕೊಳ್ಳಬೇಡಿ, ಹೆಚ್ಚಿನ ಅನಾಹುತಗಳು ಹುಟ್ಟುವುದು ಅಲ್ಲಿಯೇ. ಏಳೂವರೆಗೆ ನರ್ಸ್ ಇನ್ಸುಲಿನ್ ಕೊಟ್ಟಿರುತ್ತಾರೆ, ತಿಂಡಿಯ ಗಾಡಿ ಲಿಫ್ಟ್ ಕೆಟ್ಟು ಎಂಟೂಕಾಲಿಗೆ ಬರುತ್ತದೆ, ಅಷ್ಟರಲ್ಲಿ ರೋಗಿಗೆ ಬೆವರು, ನಡುಕ. ಅಂಥ ಹೊತ್ತಿಗೆ ಮೊದಲು 15 ಗ್ರಾಂ ಗ್ಲೂಕೋಸ್, 15 ನಿಮಿಷಕ್ಕೆ ಮರುಪರೀಕ್ಷೆ, ಆಮೇಲೆ ಊಟ. ಉಪ್ಪಿಲ್ಲದ ಟ್ರೇ ಮತ್ತು ಉಪ್ಪಿನ ಟ್ರೇ ಅದಲುಬದಲಾಗುವುದು, ಪಥ್ಯ ಬದಲಾದರೂ ಅಡುಗೆಮನೆಯ ಪಟ್ಟಿಯಲ್ಲಿ ಹಳೆಯದೇ ಉಳಿಯುವುದು, ಇವನ್ನೆಲ್ಲ ಕಣ್ಣಾರೆ ನೋಡಿ.

ಮೂಗಿನ ನಳಿಕೆಯ ಆಹಾರವನ್ನು ಕೈಯಾರೆ ಮಾಡಿ ಕಲಿಯಿರಿ. ಸಾಮಾನ್ಯ ಲೆಕ್ಕ ಒಂದು ಮಿಲಿಗೆ ಒಂದು ಕಿಲೋಕ್ಯಾಲರಿ. 1,500 ಬೇಕಾದವರಿಗೆ 1,500 ಮಿಲಿ, ಅದನ್ನು ಎರಡೆರಡು ಗಂಟೆಗೆ 200 ಮಿಲಿಯಂತೆ ಏಳೆಂಟು ಸಲ. ರಾಗಿ ಗಂಜಿಯನ್ನು ಸೋಸದೆ ಹಾಕಿದರೆ ನಳಿಕೆ ಕಟ್ಟುತ್ತದೆ. ಆರುತ್ತಿದ್ದಂತೆ ಗಂಜಿ ಗಟ್ಟಿಯಾಗುತ್ತದೆ ಎಂಬುದನ್ನು ಮರೆತರೂ ಕಟ್ಟುತ್ತದೆ. ಪ್ರತಿ ಸಲ ಮೊದಲೂ ನಂತರವೂ ಸುಮಾರು 30 ಮಿಲಿ ನೀರು ಬಿಡಬೇಕು, ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ನೀವು ಬರೆದುಕೊಟ್ಟ ಗಂಜಿಯನ್ನು ಮನೆಗೆ ಹೋದ ಮೇಲೆ ಮಾಡುವವರು ಯಾರು, ಅವರ ಹತ್ತಿರ ಮಿಕ್ಸಿ ಇದೆಯೇ, ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋದರೆ ಫ್ರಿಜ್ ಇಲ್ಲದೆ ಹೇಗೆ, ಇದನ್ನು ಕೇಳದೆ ಡಿಸ್ಚಾರ್ಜ್ ಚೀಟಿ ಬರೆಯಬಾರದು. ಸೋಮವಾರಪೇಟೆಯ ಕಡೆಯ ಹಳ್ಳಿಗೆ ಹೋಗುವ ರೋಗಿಗೆ ‘ನಾಲ್ಕು ಗಂಟೆಗೊಮ್ಮೆ ತಾಜಾ ತಯಾರಿಸಿ’ ಎಂದೇ ಬರೆಯಬೇಕಾಗುತ್ತದೆ.

ಭಾಷೆ ನಿಮಗಿರುವ ದೊಡ್ಡ ಆಸ್ತಿ. ಕನ್ನಡದ ಜೊತೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳುವಿನಲ್ಲಿ ನಾಲ್ಕು ಮಾತಾಡುವವರು ಇಲ್ಲಿ ಮನೆಮನೆಯಲ್ಲೂ ಸಿಗುತ್ತಾರೆ. ಮೈಸೂರು, ಮಂಗಳೂರಿನ ವಾರ್ಡುಗಳಲ್ಲಿ ಇದಕ್ಕೆ ಬೆಲೆ ಇದೆ. ಬಯೋಡೇಟಾದಲ್ಲಿ ಬರೆಯಿರಿ.

ಮುಗಿದ ಮೇಲೆ

ಆಸ್ಪತ್ರೆಯ ಮೊದಲ ಕೆಲಸದಲ್ಲಿ ಸಂಬಳ ಕಡಿಮೆ. ಆರ್‌ಡಿ ಇದ್ದರೆ ಮಾತುಕತೆಗೆ ಒಂದು ಹಿಡಿ ಸಿಗುತ್ತದೆ. ಬೋಧನೆಗೆ ಹೋಗುವವರಿಗೆ ಒಂದು ಸೂಚನೆ: ಯುಜಿಸಿ ನೆಟ್‌ನಲ್ಲಿ ‘ನ್ಯೂಟ್ರಿಷನ್’ ಎಂದು ಹುಡುಕಿ ಸಿಗಲಿಲ್ಲವೆಂದು ಸುಮ್ಮನಾಗಬೇಡಿ. ನಿಮ್ಮ ವಿಷಯ ಅಲ್ಲಿ ಹೋಂ ಸೈನ್ಸ್, ಸಂಕೇತ ಸಂಖ್ಯೆ 12. ಹಾಗಾಗಿ ಬಟ್ಟೆ, ಶಿಶು ಬೆಳವಣಿಗೆಯ ಘಟಕಗಳನ್ನೂ ಓದಬೇಕಾಗುತ್ತದೆ.

ಕೊಡಗಿಗೇ ಮರಳುವ ಯೋಚನೆಯಿದ್ದವರು ಒಂದೇ ಕೆಲಸವನ್ನು ನೆಚ್ಚಿಕೊಳ್ಳಬೇಡಿ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಮತ್ತು ಅದರ ಆಸ್ಪತ್ರೆ ಇದೆ, ಆದರೆ ಹುದ್ದೆಗಳು ಬೆರಳೆಣಿಕೆಯವು. ಅಧಿಸೂಚನೆ ಬಂದಾಗ ಮಾತ್ರ ಅವಕಾಶ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಡೆ ಒಲವಿದ್ದರೆ ಓದುವಾಗಲೇ ಅಂಗನವಾಡಿಗೆ ಹೋಗಿ ಬನ್ನಿ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟಕ್ಕೆ ಹಾಡಿಯ (ಬುಡಕಟ್ಟು ಜನರ ಕೇರಿಯ) ಬಸುರಿಯೊಬ್ಬಳು ದಿನವೂ ನಡೆದು ಬರಲು ಏಕೆ ಆಗುವುದಿಲ್ಲ ಎಂಬುದು ಪಠ್ಯದಲ್ಲಿ ಸಿಗುವುದಿಲ್ಲ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಆ ಟೇಪನ್ನು ಸರಿಯಾಗಿ ಹಿಡಿಯುವುದು, ಅಂದರೆ ಎಡತೋಳಿನ ನಡುಬಿಂದುವಿನಲ್ಲಿ, ತೋಳು ಸಡಿಲವಾಗಿ ಇಳಿಬಿಟ್ಟಾಗ, ಚರ್ಮ ಒತ್ತದ ಹಾಗೆ ಅಳೆಯುವುದು, ಹತ್ತು ಮಕ್ಕಳಾದ ಮೇಲಷ್ಟೇ ಕೈಗೆ ಬರುತ್ತದೆ.

ಇನ್ನೊಂದು ದಾರಿ ಕ್ರೀಡೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬಕ್ಕೆ ಪ್ರತಿ ಬೇಸಿಗೆಯಲ್ಲಿ ನೂರಾರು ತಂಡಗಳು ಇಳಿಯುತ್ತವೆ. ಏಪ್ರಿಲ್ ಬಿಸಿಲಿನಲ್ಲಿ ಆಡುವವರ ನೀರು, ಉಪ್ಪು, ಪಂದ್ಯಕ್ಕೆ ಮೂರು ಗಂಟೆ ಮೊದಲಿನ ಊಟ ನೋಡಿಕೊಳ್ಳುವವರು ಇರುವ ತಂಡ ಅಪರೂಪ. ನಿಮ್ಮ ಮನೆತನದ ತಂಡದಿಂದಲೇ ಶುರು ಮಾಡಬಹುದು: ಆಟಕ್ಕೆ ಮೊದಲೂ ನಂತರವೂ ಆಟಗಾರನನ್ನು ತೂಗಿ, ನಡುವೆ ಕುಡಿದ ನೀರನ್ನು ಲೆಕ್ಕಕ್ಕೆ ಸೇರಿಸಿ. ಕಡಿಮೆಯಾದ ಒಂದು ಕಿಲೋಗೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು ಎಂದು ಲೆಕ್ಕ. ಒದ್ದೆ ಜೆರ್ಸಿ, ಶೂ ತೆಗೆಸಿ ತೂಗುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಬೆವರು ಬಟ್ಟೆಯಲ್ಲೇ ಉಳಿದು ಲೆಕ್ಕ ತಪ್ಪುತ್ತದೆ.